ಏಳನೇ ನಂಬರಿನ ಜೀವಕೋಶಗಳು

ಮಾರ್ಚ್ 4, ಮಂಗಳವಾರ

ಇವತ್ತು ಲ್ಯಾಬಿನಲ್ಲಿ ನೋಡಿದ್ದನ್ನು ಯಾರಿಗೂ ಹೇಳುವ ಹಾಗಿಲ್ಲ. ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದಕ್ಕೂ ಆಗುತ್ತಿಲ್ಲ. ಹದಿನಾಲ್ಕು ವರ್ಷದಿಂದ ಲ್ಯಾಬಿನ ನೋಟ್‌ಬುಕ್ಕಿನಲ್ಲಿ ಬರೆದದ್ದು ಬಿಟ್ಟರೆ ನನಗೆ ಬೇರೆ ಬರವಣಿಗೆ ಗೊತ್ತಿಲ್ಲ. ಅದರ ಹಾಗೇ ಒಂದರ ಕೆಳಗೊಂದು ಬರೆದಿಡುತ್ತೇನೆ.

ತಂಗಿ ಒಮ್ಮೆ "ದಿನವಿಡೀ ಆ ಕತ್ತಲೆ ಕೋಣೆಯಲ್ಲಿ ಏನು ಮಾಡ್ತೀಯೇ ಅಕ್ಕ?" ಅಂತ ಕೇಳಿದ್ದಳು. ಅವಳಿಗೆ ಹೀಗೆ ಹೇಳಿದ್ದೆ. ಜೀವಕೋಶದ ನಡುವೆ ಕೋಶಕೇಂದ್ರ ಅಂತ ಒಂದು ಕೋಣೆ ಇದೆ. ಡಿಎನ್‌ಎ ಇರುವುದು ಅಲ್ಲಿ. ಅದು ಹೊಸ್ತಿಲು ದಾಟುವುದಿಲ್ಲ, ಬೇಕಾದಷ್ಟನ್ನು ನಕಲು ಮಾಡಿ ಹೊರಗೆ ಕಳಿಸುತ್ತದೆ. ಆ ನಕಲೇ ಆರ್‌ಎನ್‌ಎ. ಅದು ಹೊರಗೆ ಬಂದರೆ ಮಾತ್ರ ಮೈಗೆ ಬೇಕಾದ ಪ್ರೋಟೀನು ತಯಾರಾಗುತ್ತದೆ. ಕೋಣೆಯ ಗೋಡೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ. ಆರ್‌ಎನ್‌ಎಯನ್ನು ಸುತ್ತಲೂ ಹಿಡಿದುಕೊಂಡು ಕೆಲವು ಪ್ರೋಟೀನುಗಳು ಆ ರಂಧ್ರದಲ್ಲಿ ಹಾಯಿಸುತ್ತವೆ. ಹೊರಬಾಯಿಯಲ್ಲಿ ಒಂದು ಕಿಣ್ವ ಕಾದಿರುತ್ತದೆ. ಅದು ಜೀವಕೋಶದ ಇಂಧನ ಉರಿಸಿ, ಹಿಡಿದುಕೊಂಡು ಬಂದವರನ್ನು ಬಿಡಿಸುತ್ತದೆ. ಬಿಡಿಸಿದ ಮೇಲೆ ಆರ್‌ಎನ್‌ಎ ಮತ್ತೆ ಒಳಗೆ ಜಾರುವ ಹಾಗಿಲ್ಲ.

"ಅಂದ್ರೆ ಬಾಗಿಲಲ್ಲಿ ನಿಂತು ಕೋಟು ಬಿಚ್ಚಿಸಿಕೊಳ್ಳೋನು" ಅಂದಿದ್ದಳು. ಅವಳ ಲೆಕ್ಕಕ್ಕೆ ಅಷ್ಟೇ.

ಆ ಕಿಣ್ವ ಸರಿಯಾಗಿ ಕೆಲಸ ಮಾಡದಿದ್ದರೆ ಆರ್‌ಎನ್‌ಎ ಒಳಗೇ ರಾಶಿ ಬೀಳುತ್ತದೆ. ಕೆಲವು ಮನೆತನಗಳಲ್ಲಿ ಕೈಕಾಲು ಆಡಿಸುವ ನರಗಳು ಒಂದೊಂದಾಗಿ ಸಾಯುವ ಕಾಯಿಲೆಗೆ ಇದೂ ಒಂದು ಕಾರಣ ಎಂದು ನಂಬಿ ದೊಡ್ಡ ಮೇಡಂ ಈ ಲ್ಯಾಬು ನಡೆಸುತ್ತಿದ್ದಾರೆ. ಅಮ್ಮ ತೀರಿಕೊಂಡದ್ದು ಆ ಕಾಯಿಲೆಯಿಂದ. ಅದಕ್ಕೇ ಎರಡು ವರ್ಷದ ಹಿಂದೆ, ಕಾಯಿಲೆಯವರ ಮಕ್ಕಳ ಚರ್ಮದ ಚೂರು ಬೇಕು ಅಂದಾಗ ನಾನೂ ಕೊಟ್ಟೆ, ತಂಗಿಗೂ ದುಂಬಾಲು ಬಿದ್ದು ಕೊಡಿಸಿದೆ. ಹೆಸರಿಲ್ಲ, ಬರೀ ನಂಬರು. ಯಾರದು ಯಾವುದು ಅನ್ನುವ ಕಡತ ಮೇಡಂ ಬೀರುವಿನಲ್ಲಿ ಬೀಗದೊಳಗೆ ಇದೆ.

ಆದರೆ ಕೋಶ ತುಂಬಿದ ಕೊಳವೆಗಳ ಮೇಲೆ ತಾರೀಖು ಬರೆದವಳು ನಾನೇ. ಆ ದಿನ ಕೊಟ್ಟವರು ನಾವಿಬ್ಬರೇ. ನಾನು ಮೊದಲು, ಅವಳು ಆಮೇಲೆ. ಆ ತಾರೀಖಿನ ಕೊಳವೆಗಳು ಏಳು, ಎಂಟು.

ಇಷ್ಟು ದಿನ ಕೊರೆಯುವ ಚಳಿಯ ಟ್ಯಾಂಕಿನಲ್ಲಿದ್ದ ಆ ಕೋಶಗಳನ್ನು ಕಳೆದ ವಾರ ತೆಗೆದು ಬೆಳೆಸಿದ್ದೆ. ಇವತ್ತು ಆರ್‌ಎನ್‌ಎಗೆ ಅಂಟುವ ಕೆಂಪು ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಸರಿ ಇರುವ ಕೋಶದಲ್ಲಿ ಕೆಂಪು ಎಲ್ಲ ಕಡೆ ಹರಡಿರುತ್ತದೆ. ಏಳನೆಯದರಲ್ಲಿ ನಡುವೆ ಮಾತ್ರ ಕೆಂಡದುಂಡೆ, ಸುತ್ತ ಕತ್ತಲೆ. ಒಂದು ಕೋಶದಲ್ಲಲ್ಲ, ನೋಡಿದ ಕಡೆಯೆಲ್ಲ.

ದೀಪ ಆರಿಸಿ ಸ್ವಲ್ಪ ಹೊತ್ತು ಅಲ್ಲೇ ಕೂತೆ. 

ಮಾರ್ಚ್ 5, ಬುಧವಾರ

ಬೆಳಿಗ್ಗೆ ಬೀಗದ ಕೈ ತಿರುಗಿಸುವಾಗ ನಿಂತುಬಿಟ್ಟೆ. ಅಮ್ಮನಿಗೆ ಶುರುವಾಗಿದ್ದು ಅಲ್ಲಿಂದಲೇ. ಬಾಗಿಲ ಮುಂದೆ ನಿಂತು, "ಈ ಬೀಗಕ್ಕೆ ಏನಾಯ್ತೇ, ಎಣ್ಣೆ ಬಿಡಬೇಕು" ಅಂದಿದ್ದಳು. ಬೀಗಕ್ಕೆ ಏನೂ ಆಗಿರಲಿಲ್ಲ.

ಹೆಬ್ಬೆರಳಿಗೆ ತೋರುಬೆರಳು ಎಷ್ಟು ಸಲ ತಾಗಿಸಬಲ್ಲೆ ಎಂದು ಅರ್ಧ ನಿಮಿಷ ಎಣಿಸಿದೆ. ಬಲಗೈ ತೊಂಬತ್ತೊಂದು. ಎಡಗೈ ಎಂಬತ್ತಾರು. ಕನ್ನಡಿಯಲ್ಲಿ ನಾಲಗೆ ಚಾಚಿ ನೋಡಿದೆ. ಅದುರುತ್ತಿದೆಯೋ, ನಾನೇ ನಡುಗುತ್ತಿದ್ದೇನೋ, ತಿಳಿಯಲಿಲ್ಲ.

ಮಾರ್ಚ್ 9, ಭಾನುವಾರ

ಬಲಗೈ ಎಂಬತ್ತೆಂಟು. ಎಡಗೈ ಎಂಬತ್ತಾರು.

ತಂಗಿಯ ಪಾರ್ಲರಿಗೆ ಕೂದಲು ಕತ್ತರಿಸಿಕೊಳ್ಳಲು ಹೋದೆ. ಸಣ್ಣವಳಿದ್ದಾಗ ಸೊರಗಿಕೊಂಡಿದ್ದಳೆಂದು ಕಡ್ಡಿ ಅಂತ ಕರೆಯುತ್ತಿದ್ದೆವು. ಈಗ ಮೈಕೈ ತುಂಬಿಕೊಂಡು ಬಾಗಿಲಷ್ಟು ಅಗಲವಾಗಿದ್ದಾಳೆ, ಹೆಸರು ಮಾತ್ರ ಹಾಗೇ ಉಳಿದಿದೆ. ಹತ್ತು ವರ್ಷ ಚಿಕ್ಕವಳು ನನಗಿಂತ. ಎರಡು ಕುರ್ಚಿ, ಒಂದು ಉದ್ದ ಕನ್ನಡಿ, ಬಾಯಿ ಮುಚ್ಚದ ಯಜಮಾನಿ. ಅವಳ ಅಂಗಡಿ ಅಷ್ಟೇ.

"ಯಾಕಕ್ಕ ಹೀಗೆ ಕಲ್ಲಿನ ಹಾಗೆ ಕೂತಿದೀಯ? ಹೆಗಲು ಸಡಿಲ ಬಿಡು. ನಿನ್ನ ಕಿವಿ ಕತ್ತರಿಸಿ ನನಗೇನು ಲಾಭ?"

"ಕೆಲಸ ಜಾಸ್ತಿ ಕಣೇ."

"ಕೆಲಸ ಮಾಡೋದು ಆ ಕಿಣ್ವ. ನೀನು ಬರೀ ಇಣುಕಿ ನೋಡೋಳು."

ನಕ್ಕೆ. ಕನ್ನಡಿಯಲ್ಲಿ ನನ್ನ ಹಲ್ಲು ಮಾತ್ರ ನಗುತ್ತಿತ್ತು. ಅಮ್ಮನ ಕಾಯಿಲೆಯ ಕಾಲದಲ್ಲಿ ಇವಳನ್ನು ಚಿಕ್ಕಮ್ಮನ ಮನೆಗೆ ಕಳಿಸಿದ್ದೆವು, ಒಂಬತ್ತು ವರ್ಷದ ಮಗು. ಇವಳು ನೋಡಿಲ್ಲ. ನಾನು ಬಿದ್ದರೆ ನೋಡಬೇಕಾಗುವವಳು ಇವಳೇ. ನನ್ನನ್ನು ಎತ್ತುವುದು, ತಿನ್ನಿಸುವುದು, ಉಸಿರಿನ ಯಂತ್ರಕ್ಕೆ ಕಿವಿಗೊಟ್ಟು ಕೂರುವುದು. ಕತ್ತಿನ ಸುತ್ತ ಕಟ್ಟಿದ ಬಟ್ಟೆ ಬಿಚ್ಚಿ ಓಡಿಹೋಗಬೇಕು ಅನ್ನಿಸಿತು.

ಮಾರ್ಚ್ 12, ಬುಧವಾರ

ಮತ್ತೊಂದು ಕೊಳವೆ ತೆಗೆದು ಬೆಳೆಸಿದ್ದೆ. ಮೊದಲ ಸಲ ಬಣ್ಣ ಹೆಚ್ಚಾಗಿರಬಹುದು, ಕೋಶಗಳಿಗೆ ಇಂಧನ ಸಾಲದೆ ಹೋಗಿರಬಹುದು ಎಂದು ಸಾವಿರ ಸಮಾಧಾನ ಹೇಳಿಕೊಂಡಿದ್ದೆ. ಇವತ್ತು ಬಣ್ಣವೂ ಸರಿ, ಆಹಾರವೂ ಸರಿ, ಪಕ್ಕದ ಎಂಟನೆಯದು ಹೇಗಿರಬೇಕೋ ಹಾಗೆ. ಏಳು ಮಾತ್ರ ಮತ್ತೆ ಅದೇ ಕೆಂಡ.

ಆಮೇಲೆ ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತಿದೆ. ಏಳನೆಯ ಕೋಶ ಬೆಳೆಸಿದ ತಟ್ಟೆಗಳಿಗೆಲ್ಲ ಬ್ಲೀಚ್ ಸುರಿದೆ. ಚಿತ್ರಗಳನ್ನು ಅಳಿಸಿದೆ. ಈ ಕೆಲಸವನ್ನೇ ನಂಬಿ ಪಿಎಚ್‌ಡಿ ಬರೆಯುತ್ತಿರುವ ಹುಡುಗಿಗೆ, ಅವಳನ್ನು ಎಲ್ಲರೂ ಥೀಸಿಸ್ ಅಂತಲೇ ಕರೆಯುವುದು, "ಏಳಕ್ಕೆ ಬೂಸ್ಟು ಬಂದಿತ್ತು, ಎಸೆದುಬಿಟ್ಟೆ" ಅಂದೆ.

ಅವಳ ಮುಖ ಸಪ್ಪಗಾಯಿತು. "ಇನ್ಕ್ಯುಬೇಟರ್ ಕೊನೆಯಲ್ಲಿ ತೆಗೆದದ್ದು ನಾನೇ" ಅಂದಳು. ತಟ್ಟೆಗಳನ್ನು ಬೆಚ್ಚಗಿಟ್ಟು ಕೋಶ ಬೆಳೆಸುವ ಪೆಟ್ಟಿಗೆ ಅದು.

ಹದಿನಾಲ್ಕು ವರ್ಷದಲ್ಲಿ ಒಂದು ಅಂಕಿ ತಿದ್ದಿದವಳಲ್ಲ ನಾನು.

ಮಾರ್ಚ್ 13, ಗುರುವಾರ

ಬಲ ಎಂಬತ್ತೆರಡು. ಎಡ ಎಂಬತ್ತು. ಡಬ್ಬದ ಮುಚ್ಚಳ ಬಿಚ್ಚಲಾಗಲಿಲ್ಲ. ಬಟ್ಟೆ ಸುತ್ತಿ ತಿರುಗಿಸಿದ ಮೇಲೆ ಬಂತು. ಮೊದಲೂ ಬಟ್ಟೆ ಸುತ್ತುತ್ತಿದ್ದೆನಾ?

ಮಾರ್ಚ್ 18, ಮಂಗಳವಾರ

ಥೀಸಿಸ್ ಆರು ದಿನದಿಂದ ಇನ್ಕ್ಯುಬೇಟರ್ ತೊಳೆಯುತ್ತಿದ್ದಾಳೆ. ಒಳಗಿನ ಹಲಗೆಗಳನ್ನೆಲ್ಲ ಬಿಚ್ಚಿ, ಒಂದೊಂದನ್ನೂ ಸ್ಪಿರಿಟ್ ಹಾಕಿ ಉಜ್ಜಿ, ಬೂಸ್ಟು ಎಲ್ಲಿಂದ ಬಂತೆಂದು ಹುಡುಕುತ್ತಿದ್ದಾಳೆ. ಇಲ್ಲದ್ದು ಸಿಗುವುದು ಹೇಗೆ? ಅವಳು ತನ್ನ ಬೇರೆ ತಟ್ಟೆಗಳನ್ನೂ ಭಯಕ್ಕೆ ಎಸೆದಿದ್ದಾಳೆ. ಎರಡು ತಿಂಗಳ ಕೆಲಸ.

ಮಧ್ಯಾಹ್ನ ಸಿಂಕಿನ ಮುಂದೆ ನಿಂತು ಅಳುತ್ತಿದ್ದಳು. ನನ್ನನ್ನು ಕಂಡು ಮುಖ ಒರೆಸಿಕೊಂಡು, "ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ ಅನ್ಸುತ್ತೆ" ಅಂದಳು.

"ಯಾರ ತಪ್ಪೋ ಏನೋ, ನೀನೇ ಅಂತ ಯಾಕೆ ಅಂದ್ಕೋತೀಯ" ಅಂದೆ. ಅಂದವಳೇ ಬೇರೆ ಕಡೆ ನೋಡಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಅವಳು ಗಮನಿಸಲಿಲ್ಲ. ನನ್ನನ್ನು ಅನುಮಾನಿಸುವುದು ಆ ಹುಡುಗಿಗೆ ಹೊಳೆಯುವುದೂ ಇಲ್ಲ.

ಮಾರ್ಚ್ 20, ಗುರುವಾರ

ಮೇಡಂ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಎಲ್ಲ ಹೇಳಿದೆ. ಅವರು ಸಿಟ್ಟಾದರು. ಕೂಗಾಡಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನಿಮ್ಮನ್ನ ನಾನು ನನ್ನ ಕಣ್ಣಿಗಿಂತ ಹೆಚ್ಚು ನಂಬಿದ್ದೆ" ಅಂದರು. ಬೈದಿದ್ದರೆ ವಾಸಿಯಿತ್ತು.

"ಟ್ಯಾಂಕಿನಲ್ಲಿ ಏಳನೆಯದು ಉಳಿದಿದೆಯಾ?"

"ಇನ್ನೂ ಮೂರು ಕೊಳವೆ ಇವೆ."

"ಥೀಸಿಸ್‌ಗೆ ನೀವೇ ಹೇಳಬೇಕು. ಇವತ್ತೇ." ಕನ್ನಡಕ ಮತ್ತೆ ಹಾಕಿಕೊಂಡು, "ಏಳು ನಿಮ್ಮದು ಅಂತ ಯಾರು ಹೇಳಿದ್ದು?" ಅಂದರು.

ತಾರೀಖಿನ ಲೆಕ್ಕ ಹೇಳಿದೆ. ಅವರು ಎದ್ದು ಬೀರು ತೆಗೆದರು. ಚರ್ಮ ಕೊಟ್ಟ ದಿನದ ಒಪ್ಪಿಗೆ ಅರ್ಜಿಯಲ್ಲಿ, ಏನಾದರೂ ಗೊತ್ತಾದರೆ ನನಗೆ ತಿಳಿಸಿ ಅನ್ನುವ ಕಡೆ ನಾನು ಗುರುತು ಹಾಕಿದ್ದೆ, ಹಾಗಾಗಿ ನನ್ನ ನಂಬರು ನನಗೆ ಹೇಳಲು ಅಡ್ಡಿಯಿಲ್ಲ ಎಂದರು. ಕಡತದ ಮೇಲೆ ಬೆರಳಿಟ್ಟು ಓದಿದರು. ಮತ್ತೊಮ್ಮೆ ಓದಿದರು.

"ನಿಮ್ಮದು ಎಂಟು."

ಹೋದ ಜೀವ ಬಂತು. ನಿಜವಾಗಿ, ಮೈಯೊಳಗೆ ಏನೋ ಬಿಸಿಯಾಗಿ ಇಳಿದ ಹಾಗಾಯಿತು. "ಎಂಟಾ?" ಅಂತ ನಕ್ಕೆ ಕೂಡ. ಎಂಟು ಚೆನ್ನಾಗಿದೆ, ನಾನೇ ನೋಡಿದ್ದೇನೆ.

ಮೇಡಂ ನಗಲಿಲ್ಲ. ಕಡತ ಮುಚ್ಚಿ ಅದರ ಮೇಲೆ ಎರಡೂ ಕೈ ಇಟ್ಟುಕೊಂಡರು. ಆಗ ನೆನಪಾಯಿತು. ಆ ದಿನ ಕಡ್ಡಿ ಬಾಗಿಲಲ್ಲೇ ಅವಸರ ಮಾಡಿದ್ದಳು. ಗಿರಾಕಿಯ ತಲೆಗೆ ಬಣ್ಣ ಹಚ್ಚಿ ಬಂದಿದೀನಿ, ನಾನು ಮೊದಲು ಹೋಗ್ತೀನಿ ಅಕ್ಕ, ಅಂದಿದ್ದಳು.

ಮಾರ್ಚ್ 21, ಶುಕ್ರವಾರ

ನಿನ್ನೆ ನಕ್ಕೆನಲ್ಲ. ಅದೊಂದೇ ತಲೆಯಲ್ಲಿ ಸುತ್ತುತ್ತಿದೆ.

ಮಾರ್ಚ್ 22, ಶನಿವಾರ

ಕಡ್ಡಿಯ ಅರ್ಜಿಯಲ್ಲಿ 'ನನಗೆ ತಿಳಿಸುವುದು ಬೇಡ' ಅನ್ನುವ ಕಡೆ ಗುರುತಿದೆಯಂತೆ. ಮೇಡಂ ನಿನ್ನೆ ಅಷ್ಟು ಮಾತ್ರ ಹೇಳಿದರು, ಅದನ್ನೂ ಹೇಳಬಾರದಿತ್ತೇನೋ ಎನ್ನುವ ಮುಖದಲ್ಲಿ. "ತಟ್ಟೆಯಲ್ಲಿ ಕಂಡದ್ದು ಕಾಯಿಲೆ ಅಲ್ಲ. ಹೀಗಿರೋ ಕೋಶ ಇಟ್ಟುಕೊಂಡೇ ಎಂಬತ್ತು ವರ್ಷ ಬದುಕೋರೂ ಇರಬಹುದು. ನಮಗೆ ಗೊತ್ತಿಲ್ಲ. ಅವರು ಬೇಡ ಅಂದಿದ್ದಾರೆ. ನೀವು ಬಾಯಿ ಬಿಡೋ ಹಾಗಿಲ್ಲ."

ಥೀಸಿಸ್‌ಗೆ ಮೊನ್ನೆಯೇ ಹೇಳಿ ಆಯಿತು. ಪೂರ್ತಿ ಕೇಳಿಸಿಕೊಂಡಳು. "ನನ್ನ ಎರಡು ತಿಂಗಳು ವಾಪಸ್ ಕೊಡ್ತೀರಾ?" ಅಂದು ಎದ್ದುಹೋದಳು. ಕೇಳಿದ್ದರಲ್ಲಿ ತಪ್ಪೇನಿದೆ?

ಮಾರ್ಚ್ 23, ಭಾನುವಾರ

ಕಡ್ಡಿಯ ಮನೆಗೆ ಊಟಕ್ಕೆ ಹೋಗಿದ್ದೆ. ಅವಳ ಗಂಡ ಊರಲ್ಲಿಲ್ಲ, ಲಾರಿ ತಗೊಂಡು ಹೋದವನು ಬರುವುದು ಬುಧವಾರ. ಅವಳು ಪಾತ್ರೆ ಇಳಿಸಿದಳು, ನೋಡಿದೆ. ಸೀಸೆಯ ಮುಚ್ಚಳ ಬಿಚ್ಚಿದಳು, ನೋಡಿದೆ. ಚಮಚ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

"ಚಮಚ ಅಕ್ಕ, ಬಾಂಬ್ ಅಲ್ಲ."

ಎಷ್ಟು ಸಲ ಚಮಚ ಬೀಳುತ್ತದೆ ಒಬ್ಬರ ಕೈಯಿಂದ, ಒಂದು ವಾರದಲ್ಲಿ? ಇದರ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ಮಾತಾಡುವಾಗ ಅವಳ 'ರ' ತೊದಲಿತೆಂದು ಅನ್ನಿಸಿತು. ಬಾಯಲ್ಲಿ ತುತ್ತಿತ್ತು.

ಹೇಳಿದರೆ ಅವಳು ಬೇಡ ಅಂದದ್ದನ್ನು ಅವಳ ತಲೆಗೆ ಕಟ್ಟಿದ ಹಾಗೆ. ಹೇಳದಿದ್ದರೆ, ಅವಳ ಮೈಯ ವಿಷಯ ನನಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಅವಳ ಮನೆಯಲ್ಲಿ ಕೂತು ಅವಳು ಬಡಿಸಿದ್ದನ್ನು ತಿನ್ನುತ್ತಾ. ತಟ್ಟೆ ಸರಿಸಿದೆ. ಹಸಿವಿಲ್ಲ ಅಂದೆ.

ಮಾರ್ಚ್ 27, ಗುರುವಾರ

ಪಾರ್ಲರಿನ ಎದುರು ರಸ್ತೆಯಲ್ಲಿ ನಿಂತು ಗಾಜಿನಾಚೆ ಅವಳು ಕತ್ತರಿ ಆಡಿಸುವುದನ್ನು ಇಪ್ಪತ್ತು ನಿಮಿಷ ನೋಡಿದೆ. ಕತ್ತರಿ ಸಲೀಸಾಗಿಯೇ ಓಡುತ್ತಿತ್ತು. ಇಪ್ಪತ್ತೊಂದನೇ ನಿಮಿಷ ಹೇಗಿರುತ್ತದೋ ಎಂದು ಮತ್ತೆ ನಿಂತೆ. ಬಸ್ಸು ತಪ್ಪಿತು.

ಮಾರ್ಚ್ 30, ಭಾನುವಾರ

ಅವಳೇ ಬಂದಳು. ಬಂದವಳು ಚೀಲವನ್ನೂ ಇಳಿಸಲಿಲ್ಲ.

"ಗುರುವಾರ ಎದುರುಗಡೆ ನಿಂತು ಏನು ನೋಡ್ತಿದ್ದೆ?"

"ನಾನಾ?"

"ಇಲ್ಲ, ನಿನ್ನ ಅಕ್ಕ. ಗಿರಾಕಿ ಕೇಳಿದ್ರು, ಅಲ್ಲಿ ಒಬ್ರು ಕಂಬದ ಹಾಗೆ ನಿಂತಿದಾರಲ್ಲ, ಪೊಲೀಸಿಗೆ ಫೋನ್ ಮಾಡೋಣವಾ ಅಂತ." ಕುರ್ಚಿ ಎಳೆದು ನನ್ನ ಎದುರಿಗೇ ಕೂತಳು. "ಊಟಕ್ಕೆ ಬಂದಾಗಲೂ ಅಷ್ಟೇ. ಮುಖ ನೋಡಲ್ಲ, ಕೈ ನೋಡ್ತೀಯ. ನನ್ನ ಕೈಗೆ ಏನಾಗಿದೆ ಅಕ್ಕ?"

"ಏನೂ ಆಗಿಲ್ಲ."

"ಹಾಗಾದ್ರೆ ಏನಾಗುತ್ತೆ?"

 ಹೌದು ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ನನ್ನ ಮುಖ ನನ್ನ ಮಾತು ಕೇಳಲಿಲ್ಲ, ಅಷ್ಟೇ. ಅವಳು ನೋಡುತ್ತಲೇ ಇದ್ದಳು. ಅವಳ ಬಣ್ಣ ಇಳಿದದ್ದು ಕಂಡಿತು, ಮೊದಲು ತುಟಿ, ಆಮೇಲೆ ಕೆನ್ನೆ.

"ಆ ಚರ್ಮದ ಚೂರು" ಅಂದಳು.

"ನೀನು ತಿಳಿಸೋದು ಬೇಡ ಅಂತ ಬರೆದಿದೀಯ ಕಡ್ಡಿ. ನಾನು ಹೇಳೋ ಹಾಗಿಲ್ಲ."

"ನಾನೆಲ್ಲಿ ಬರೆದೆ?"

"ಅರ್ಜಿಯಲ್ಲಿ. ಗುರುತು ಹಾಕಿದೀಯ."

"ಆ ಅರ್ಜಿಯಾ?" ಎದ್ದು ನಿಂತಳು. "ಅಲ್ಲಿ ಆ ಹೆಂಗಸಿನ ತಲೆ ಮೇಲೆ ಬಣ್ಣ ಒಣಗ್ತಾ ಇತ್ತು! ನಾನು ಒಂದಕ್ಷರ ಓದಲಿಲ್ಲ. ಎಲ್ಲದಕ್ಕೂ ಬಲಗಡೆ ಟಿಕ್ ಹಾಕಿ ಓಡಿಬಂದೆ!"

ನನಗೆ ನಗು ಬಂತು. ಅವಳಿಗೂ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು, ಕಣ್ಣಲ್ಲಿ ನೀರು ಬರುವಷ್ಟು. ಆ ನೀರು ನಿಲ್ಲಲೇ ಇಲ್ಲ. ಅವಳು ನನ್ನ ಹೊಸ ಕ್ರಾಪಿನ ಮೇಲೆ ಕೆನ್ನೆಯಿಟ್ಟು ನಿಂತಿದ್ದಳು.  

"ನಂಗೆ ಭಯ ಆಗ್ತಿದೆ" ಅಂದಳು. ಸಣ್ಣವಳಿದ್ದಾಗ ಚಿಕ್ಕಮ್ಮನ ಮನೆಗೆ ಹೊರಟ ದಿನ ಹೀಗೇ ಅಂದಿದ್ದಳು. ಆಗ ನಾನು "ಭಯ ಎಲ್ಲ ಏನಿಲ್ಲ, ಹೋಗು" ಅಂದಿದ್ದೆ.

"ನನಗೂ" ಅಂದೆ.

ಏಪ್ರಿಲ್ 3, ಗುರುವಾರ

ಮೇಡಂ ಕೋಣೆಯಲ್ಲಿ ಕಡ್ಡಿ ಹೊಸ ಅರ್ಜಿ ತುಂಬಿದಳು. ಈ ಸಲ ಸಾಲು ಸಾಲಿಗೂ ಬೆರಳಿಟ್ಟು, "ಇದರರ್ಥ ಏನು? ಇದರರ್ಥ?" ಅಂತ ಕೇಳಿದಳು. ಒಂದೂಕಾಲು ಗಂಟೆ ಹಿಡಿಯಿತು. ಮೇಡಂಗೆ ಎರಡು ಮೀಟಿಂಗು ತಪ್ಪಿತು. ಲ್ಯಾಬಿನ ಚಿತ್ರವನ್ನು ನಂಬಿ ಕೂರುವ ಹಾಗಿಲ್ಲ, ಆಸ್ಪತ್ರೆಯಲ್ಲಿ ರಕ್ತ ಕೊಟ್ಟು ಜೀನು ಓದಿಸಬೇಕು, ನರದ ಡಾಕ್ಟರು ಪರೀಕ್ಷೆ ಮಾಡಬೇಕು ಎಂದು ಬಿಡಿಸಿ ಹೇಳಿದರು. ನನಗೂ ಅದೇ ಪರೀಕ್ಷೆ.

ಹೊರಡುವಾಗ ಕಡ್ಡಿ ತನ್ನ ಕೋಶ ನೋಡಬೇಕು ಅಂದಳು. ಥೀಸಿಸ್ ಹೊಸ ಕೊಳವೆಯಿಂದ ಬೆಳೆಸಿದ್ದಳು. ನನ್ನ ಜೊತೆ ಅವಳು ಇನ್ನೂ ಕೆಲಸದ ಮಾತಷ್ಟೇ ಆಡುವುದು. ಆದರೆ ಕಡ್ಡಿಗೆ ಸ್ಟೂಲು ತಗ್ಗಿಸಿ ಕೊಟ್ಟು, ಪಕ್ಕದಲ್ಲೇ ನಿಂತು ತೋರಿಸಿದಳು. ಯಾರ ಕೋಶ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಅವಳು ಕೇಳಲೂ ಇಲ್ಲ.

ಕಡ್ಡಿ ತುಂಬಾ ಹೊತ್ತು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. "ಚೆನ್ನಾಗಿದೆಯಲ್ಲೇ ನೋಡೋಕೆ" ಅಂದಳು. 

ಏಪ್ರಿಲ್ 11, ಶುಕ್ರವಾರ

ರಕ್ತ ಕೊಟ್ಟು ಬಂದೆವು. ಫಲಿತಾಂಶಕ್ಕೆ ಇನ್ನೂ ಎರಡು ವಾರ. ಕಡ್ಡಿ ದಿನಾ ಫೋನು ಮಾಡುತ್ತಾಳೆ. "ಇವತ್ತು ಬಾಚಣಿಗೆ ಬಿತ್ತು ಅಕ್ಕ." "ಒಂದೇ ಸಲವಾ?" "ಒಂದೇ." "ನನ್ನ ಕೈಯಿಂದ ಇವತ್ತು ಪಿಪೆಟ್ ಬಿತ್ತು." "ಸುಳ್ಳು ಹೇಳ್ಬೇಡ." "ಆಣೆ ಕಣೇ."

ನಿಜವಾಗಿಯೂ ಬಿದ್ದಿತ್ತು. ಎತ್ತಿಟ್ಟು ಕೆಲಸ ಮುಂದುವರಿಸಿದೆ. ಅವಳು ಬಾಚಣಿಗೆಯ ಮಾತು ಹೇಳಿದಾಗಲೇ ನೆನಪಾದದ್ದು.

ಏಪ್ರಿಲ್ 24, ಗುರುವಾರ

ಆಸ್ಪತ್ರೆಯ ನಾಲ್ಕನೇ ಮಹಡಿ. ಹಸಿರು ಕುರ್ಚಿಗಳು ನೆಲಕ್ಕೆ ಬಿಗಿದಿದ್ದವು, ಯಾರಾದರೂ ಕದ್ದೊಯ್ಯುತ್ತಾರೋ ಎಂಬಂತೆ. ಕಡ್ಡಿ, ಅವಳ ಗಂಡ, ನಾನು. ಅವನು ಕೂತಲ್ಲಿ ಕೂರಲಿಲ್ಲ. ನೀರಿನ ಯಂತ್ರದವರೆಗೆ ಹೋಗಿ ಬಂದು, ಹೋಗಿ ಬಂದು, ಒಂದು ಲೋಟ ನೀರನ್ನೂ ಕುಡಿಯಲಿಲ್ಲ.

ನನ್ನ ಜೀನಿನಲ್ಲಿ ಆ ತಪ್ಪು ಇಲ್ಲ. ಅವಳಲ್ಲಿ ಇದೆ.

ನರದ ಡಾಕ್ಟರು ವಯಸ್ಸಾದ ಹೆಂಗಸು, ಮಾತು ಕಡಿಮೆ. ಕಡ್ಡಿಯ ಒಂದೊಂದು ಬೆರಳನ್ನೂ ಬಗ್ಗಿಸಿ, ಎಳೆದು, ತನ್ನ ಬೆರಳು ಹಿಂಡಿಸಿಕೊಂಡು ನೋಡಿದರು. ನಾಲಗೆ ನೋಡಿದರು. ಮಂಡಿಗೆ ತಟ್ಟಿದರು. ಸೂಜಿ ಚುಚ್ಚಿ ಸ್ನಾಯುಗಳ ಅಲೆ ನೋಡಿದರು. ನಾನು ಮೈಯೆಲ್ಲ ಕಣ್ಣಾಗಿ ಅವರ ಮುಖವನ್ನೇ ನೋಡುತ್ತಿದ್ದೆ. ಅಲ್ಲಿ ಏನೂ ಸಿಗಲಿಲ್ಲ.

"ಈಗ ಕಾಯಿಲೆಯ ಯಾವ ಗುರುತೂ ಇಲ್ಲ" ಅಂದರು.

"ಮುಂದೆ?" ಕಡ್ಡಿ ಕೇಳಿದಳು.

"ಬರಬಹುದು, ಬರದೇ ಇರಬಹುದು. ಬಂದರೆ ಯಾವಾಗ ಅಂತ ನನಗೆ ಗೊತ್ತಿಲ್ಲಮ್ಮ. ಗೊತ್ತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆರು ತಿಂಗಳಿಗೊಮ್ಮೆ ಬನ್ನಿ. ಔಷಧಿ ಹುಡುಕೋರು ಹುಡುಕ್ತಾ ಇದಾರೆ."

ಗಂಡ ಗೋಡೆಗೆ ತಲೆ ಆನಿಸಿ ನಿಂತ. ಅವಳೇ ಹೋಗಿ ಅವನ ಬೆನ್ನು ಸವರಿದಳು.

ಏಪ್ರಿಲ್ 30, ಬುಧವಾರ

ಥೀಸಿಸ್ ಬಂದು ನನ್ನ ಮೇಜಿನ ಪಕ್ಕ ನಿಂತಳು. ಸರಿಯಾದ ಕಿಣ್ವದ ನಕಲನ್ನು ಏಳನೆಯ ಕೋಶಗಳೊಳಗೆ ಸೇರಿಸುವ ಪ್ರಯೋಗ ಶುರು ಮಾಡುತ್ತಾಳಂತೆ. ಆರ್‌ಎನ್‌ಎ ಹೊರಗೆ ಬರುತ್ತದೋ ಇಲ್ಲವೋ ನೋಡಬೇಕು. "ಬೆಳೆಸಿಕೊಡೋಕೆ ಯಾರಾದ್ರೂ ಬೇಕು. ದಿನಾ ನೋಡ್ಕೋಬೇಕು" ಅಂದಳು. ಮೇಡಂ ನನ್ನನ್ನು ಕೇಳು ಅಂದಿರಬೇಕು. ಇವಳೇ ಕೇಳಿದ್ದೂ ಇರಬಹುದು. ಒಪ್ಪಿಕೊಂಡೆ. ತಟ್ಟೆಯಲ್ಲಿ ಆದದ್ದು ಮೈಯಲ್ಲಿ ಆಗಲು ವರ್ಷಗಟ್ಟಲೆ ಬೇಕು, ಆಗದೆಯೂ ಹೋಗಬಹುದು. ಗೊತ್ತಿದ್ದೇ ಒಪ್ಪಿದೆ.

ಮೇ 6, ಮಂಗಳವಾರ

ರಜೆ ಹಾಕಿ ಮನೆಯಲ್ಲಿದ್ದೆ. ಮಧ್ಯಾಹ್ನ ಕಡ್ಡಿ ಬಂದಳು. ಅಂಗಡಿಗೆ ಎರಡು ಗಂಟೆ ಬೀಗ ಹಾಕಿ ಬಂದಿದ್ದಳು. ಚಹಾ ಮಾಡಿಕೊಟ್ಟೆ. ಲೋಟವನ್ನು ಎರಡೂ ಅಂಗೈ ನಡುವೆ ಹಿಡಿದುಕೊಂಡು ಕಿಟಕಿ ಹತ್ತಿರ ಕೂತಳು.

"ಅಮ್ಮನಿಗೆ ಹೇಗಾಯ್ತು, ಮೊದಲಿಂದ ಹೇಳು" ಅಂದಳು. "ಒಂದೂ ಬಿಡಬೇಡ. ಚಿಕ್ಕಮ್ಮ ಬರೀ ನಿಶ್ಶಕ್ತಿ ಅಂತ ಹೇಳ್ತಿದ್ಲು. ನೀನು ಅದನ್ನೂ ಹೇಳಲಿಲ್ಲ."

ಈ ಇಪ್ಪತ್ತು ವರ್ಷದಲ್ಲಿ ಅವಳು ಕೇಳಿದಾಗೆಲ್ಲ ನಾನು ಮಾತು ತಪ್ಪಿಸಿದ್ದೇನೆ. ಅವಳಿಗಾಗಿ ಎಂದೇ ತಿಳಿದಿದ್ದೆ. ಇವತ್ತು ಹೇಳಿದೆ. ಬೀಗದ ಕೈ, ಬೀಳುವ ಲೋಟಗಳು, ಕಾಲು, ಆಮೇಲೆ ಮಾತು. ಅಮ್ಮ ಕಣ್ಣಿನಲ್ಲಿ ಅಕ್ಷರ ತೋರಿಸಿ ನನ್ನಿಂದ ಪದ ಕೂಡಿಸಿದ್ದು. ನಾನು ತಪ್ಪು ಕೂಡಿಸಿದರೆ ಸಿಟ್ಟಾಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದದ್ದು. ಒಂದು ದಿನ ನಾನು ದಣಿದು ಅವಳ ಮೇಲೆ ಕೂಗಿದ್ದು, ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡದ್ದು, ಅವಳು ಕರೆಯಲು ಆಗದೆ ಹಾಗೇ ಮಲಗಿದ್ದದ್ದು. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವಾಗ ಕಡ್ಡಿ ನನ್ನ ಮುಖ ನೋಡಲಿಲ್ಲ, ಕಿಟಕಿಯಾಚೆ ನೋಡುತ್ತಿದ್ದಳು. ಆದರೆ ಕಾಲು ಚಾಚಿ ನನ್ನ ಪಾದದ ಮೇಲೆ ತನ್ನ ಪಾದ ಇಟ್ಟಳು.

"ನಗ್ತಿದ್ಲಾ?" ಅಂತ ಕೇಳಿದಳು ಕೊನೆಗೆ.

"ನಿನ್ನ ಕಾಗದ ಓದಿದಾಗ. ಚಿಕ್ಕಮ್ಮನ ಬೆಕ್ಕಿಗೆ ನೀನು ಕ್ರಾಪು ಮಾಡಿದ್ದೆ ಅಂತ ಬರೆದಿದ್ದೆಯಲ್ಲ, ಅದನ್ನ ಮೂರು ದಿನ ಓದಿಸಿದಳು."

ಕಡ್ಡಿ ಮುಖ ತಿರುಗಿಸಿದಳು. ಚಹಾ ತಣ್ಣಗಾಗಿತ್ತು. ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟಳು.

"ಅಕ್ಕ, ನನಗೆ ಹಾಗಾದ್ರೆ ನೀನು ಕೂಗಬಹುದು. ಬಾಗಿಲು ಮಾತ್ರ ಹಾಕ್ಕೋಬೇಡ."

"ಹಾಕ್ಕೊಳಲ್ಲ."

ಐದು ಗಂಟೆಗೆ ಗಿರಾಕಿ ಇದ್ದಾಳೆ ಅಂತ ಎದ್ದಳು. ಬಸ್ಸಿನವರೆಗೆ ಜೊತೆಗೆ ಹೋದೆ.